ಎರಡು ಬೆರಳಿನ ಅಳತೆ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಹೆಂಗಸರು ಬೇಕಾದಷ್ಟು ಜನ ಇದ್ದಾರೆ. ಆದರೆ ಗಂಡಸರ ಜೀನ್ಸಿಗೆ ಅಳತೆ ಹಿಡಿದು ಕತ್ತರಿ ಹಾಕುವ ಹೆಂಗಸು ಕೌಲ್ ಬಜಾರಿನ ಹಿಂದಿನ ಆ ಸಂದಿಗೆಲ್ಲ ಒಬ್ಬಳೇ. ಅವಳೇ ಶಶಿರೇಖಾ, ಎರ್ರಣ್ಣನ ಯೂನಿಟ್ಟಿನ ಕಟಿಂಗ್ ಮಾಸ್ಟರು. ವಯಸ್ಸು ಮೂವತ್ತೊಂದು, ಮದುವೆಯಾಗಿಲ್ಲ, ಮಾತು ಸ್ವಲ್ಪ ಖಾರ, ಕಣ್ಣು ಬಹಳ ಚುರುಕು. ಬೆಳಿಗ್ಗೆ ಪಾರ್ವತಿನಗರದ ಮನೆಯಿಂದ ಹೊರಟು ಯೂನಿಟ್ಟು ಮುಟ್ಟುವುದರೊಳಗೆ ಎದುರಿಗೆ ಬಂದ ಗಂಡಸರ ಸೊಂಟದ ಅಳತೆಯನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡು ಬರುವುದು ಅವಳ ಚಟ. ಹಾಲಿನವನು ಮೂವತ್ತು. ಮೆಡಿಕಲ್ ಶಾಪಿನವನು ಮೂವತ್ತೆಂಟು, ಆದರೆ ಮೂವತ್ತಾರರದ್ದು ಹಾಕಿಕೊಂಡು ಒದ್ದಾಡುತ್ತಿದ್ದಾನೆ. ಬೇರೆ ಯಾವ ಹೆಂಗಸಾದರೂ ಹೀಗೆ ನೋಡಿದ್ದರೆ ಓಣಿಯ ಜನ ಸುಮ್ಮನಿರುತ್ತಿರಲಿಲ್ಲ. ಅವಳಿಗೆ ಇದು ಕೆಲಸ, ಆದ್ದರಿಂದ ಯಾರೂ ಏನೂ ಅನ್ನುವಂತಿರಲಿಲ್ಲ.

ಎಂಟು ತಿಂಗಳ ಹಿಂದೆ ಹಳೇ ಮಾಸ್ಟರು ಮೊಣಕಾಲು ನೋವೆಂದು ಕೆಲಸ ಬಿಟ್ಟಾಗ ಎರ್ರಣ್ಣ ಎರಡು ದಿನ ತಲೆ ಕೆರೆದುಕೊಂಡು, ಕೊನೆಗೆ ಕತ್ತರಿಯನ್ನು ಅವರ ಕೈಕೆಳಗೆ ಕೆಲಸ ಕಲಿತಿದ್ದ ಇವಳ ಕೈಗೆ ಕೊಟ್ಟಿದ್ದ. ಸಂದಿಯ ಉಳಿದ ಮಾಸ್ಟರುಗಳೆಲ್ಲ ಚಹಾದಂಗಡಿಯ ಬೆಂಚಿನ ಮೇಲೆ ಕೂತು ನಕ್ಕರು. ಗಂಡಸರ ಸೊಂಟವನ್ನು ಹೆಂಗಸು ಅಳೆಯೋದಾ ಎಂದು ಅವರ ತಕರಾರು.

"ಹೆಂಗಸರ ಜಂಪರು ನೀವು ಅಳದು ಅಳದು ಹೊಲೀತಾ ಬಂದೀರಲ್ಲ, ಆವಾಗ ಯಾರೂ ನಗಲಿಲ್ಲಲ್ಲ?" ಎಂದು ಶಶಿರೇಖಾ ದಾರಿಯಲ್ಲೇ ನಿಂತು ಕೇಳಿದಳು.

ನಕ್ಕವರು ಚಹಾ ಮುಗಿಸಿ ಎದ್ದರು. ಆದರೆ ಇವಳು ಯಾವಾಗ ತಪ್ಪುತ್ತಾಳೋ ಎಂದು ಕಾಯುವುದನ್ನು ಮಾತ್ರ ಬಿಡಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಜೀನ್ಸಿನ ಕೆಲಸದಲ್ಲಿ ಟೇಪನ್ನು ಪೂರ್ತಿ ನಂಬುವ ಹಾಗಿಲ್ಲ. ಪ್ಯಾಂಟು ಹೊಕ್ಕುಳಿಗಿಂತ ಎಷ್ಟು ಕೆಳಗೆ ಕೂರುತ್ತದೆ ಎನ್ನುವುದರ ಮೇಲೆ ಲೆಕ್ಕವೆಲ್ಲ ಬದಲಾಗುತ್ತದೆ. ಟೇಪಿಗೆ ಹೊಕ್ಕುಳ ಎಲ್ಲಿದೆಯೆಂದು ಏನು ಗೊತ್ತು? ಅದಕ್ಕೇ ಹೊಸ ಮಾಡೆಲ್ ಮಾಡುವಾಗ ಮೊದಲು ಒಂದೇ ಒಂದು ಪ್ಯಾಂಟು ಹೊಲಿದು, ತೊಳೆಸಿ, ಜೀವಂತ ಮನುಷ್ಯನಿಗೆ ತೊಡಿಸಿ ನೋಡುತ್ತಾರೆ. ಎರ್ರಣ್ಣನ ಯೂನಿಟ್ಟಿನಲ್ಲಿ ಆ ಜೀವಂತ ಮನುಷ್ಯ ಮಾರೇಶ. ದಿನಾ ಕುರುಗೋಡಿನಿಂದ ಬಸ್ಸಿಗೆ ಬಂದು ಇಸ್ತ್ರಿ ಮೇಜಿನ ಮುಂದೆ ನಿಲ್ಲುವವನು. ಆರು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ದಿನ ಹಳೇ ಮಾಸ್ಟರು ತಮಾಷೆಗೆ ಅವನ ಸೊಂಟಕ್ಕೆ ಟೇಪು ಸುತ್ತಿದ್ದರು. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ, ಮೂವತ್ತೆರಡು! ಅಂದಿನಿಂದ ಅವನ ಹೆಸರೇ ಮೂವತ್ತೆರಡು ಎಂದಾಯಿತು. ಅವನಿಗೆ ಸರಿಹೊಂದಿದ ಪ್ಯಾಂಟಿನಿಂದಲೇ ರಟ್ಟಿನ ನಮೂನೆ ಕತ್ತರಿಸಿ, ಅದರಿಂದಲೇ ಇಪ್ಪತ್ತೆಂಟು, ಮೂವತ್ತು, ಮೂವತ್ತನಾಲ್ಕು, ಮೂವತ್ತಾರು ಎಲ್ಲ ಸೈಜುಗಳನ್ನೂ ಇಳಿಸುವುದು, ಏರಿಸುವುದು. ಮಾರೇಶನ ಸೊಂಟ ಆ ಯೂನಿಟ್ಟಿನ ಮೂಲಮಂತ್ರ ಎಂದರೂ ತಪ್ಪಿಲ್ಲ.

ಅಳತೆ ನೋಡುವ ಕ್ರಮ ಬಹಳ ಸುಲಭ. ಪ್ಯಾಂಟು ತೊಟ್ಟವನ ಬೆನ್ನ ಹಿಂದೆ ನಿಂತು, ಸೊಂಟಪಟ್ಟಿಯ ಒಳಗೆ ಬೆರಳು ಇಳಿಸಬೇಕು. ಎರಡು ಬೆರಳು ಹಿಡಿಸಿದರೆ ಸರಿ. ಒಂದೇ ಹಿಡಿಸಿದರೆ ಬಿಗಿ, ಮೂರು ನಾಲ್ಕು ಹೋದರೆ ಸಡಿಲ. ಹಳೇ ಮಾಸ್ಟರು ಇದನ್ನು ಬೀಡಿ ಕಚ್ಚಿಕೊಂಡೇ ಮಾಡುತ್ತಿದ್ದರು.

ಶಶಿರೇಖಾಗೆ ಇದು ಅಷ್ಟು ಸುಲಭವಾಗಿರಲಿಲ್ಲ. ಕಾರಣ ಹೇಳಿಬಿಡುವುದೇ ಒಳ್ಳೆಯದು: ಅವಳಿಗೆ ಮಾರೇಶನನ್ನು ಕಂಡರೆ ಇಷ್ಟ. ಅವನ ಸ್ವಭಾವ, ಒಳ್ಳೆಯತನ ಎಂದೆಲ್ಲ ಸುತ್ತಿಬಳಸಿ ಹೇಳುವ ಇಷ್ಟವಲ್ಲ. ಇಸ್ತ್ರಿ ಪೆಟ್ಟಿಗೆ ಒತ್ತುವಾಗ ಮೊಣಕೈಯಿಂದ ಮಣಿಕಟ್ಟಿನವರೆಗೆ ಎದ್ದು ನಿಲ್ಲುವ ನರಗಳು, ಹಬೆ ತಾಗಿ ತೇವಗೊಂಡ ಕತ್ತಿನ ಹಿಂಭಾಗ, ಬಿಸಿ ಬಟ್ಟೆಯ ವಾಸನೆ ಸೇರಿಕೊಂಡ ಅವನ ಮೈಯ ವಾಸನೆ, ಇವೆಲ್ಲ ಅವಳಿಗೆ ಇಷ್ಟ. ಅವನು ನೀರಿನ ಬಾಟಲಿ ಎತ್ತಿ ಕುಡಿಯುವಾಗ ಅವಳ ಕತ್ತರಿ ತಾನಾಗಿ ನಿಧಾನವಾಗುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಹೊಲಿಗೆ ಮಷಿನ್ನಿನ ನಂದಿನಿಗೆ ಮಾತ್ರ ಎಲ್ಲ ಗೊತ್ತಿತ್ತು. ಎರಡು ಮಕ್ಕಳ ತಾಯಿ, ಬಾಯಿಗೆ ಬೀಗವಿಲ್ಲದವಳು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕೂತಾಗ, ಗಂಡಸರೆಲ್ಲ ಚಹಾಕ್ಕೆ ಹೋದದ್ದು ನೋಡಿ ಅವಳೇ ಮಾತು ತೆಗೆದಳು.

"ಗಂಡಸರ ಮೈಯಾಗ ಯಾರಿಗೆ ಏನು ಚಂದ ಕಾಣಿಸ್ತೈತಿ, ಖರೇ ಹೇಳ್ರಿ. ನನಗಂತೂ ಹೊಸಾ ಕಟಿಂಗ್ ಮಾಡಿಸ್ಕೊಂಡು ಬಂದ ಕುತ್ತಿಗಿ. ನನ್ನ ಗಂಡಗ ಇವತ್ತಿಗೂ ಗೊತ್ತಿಲ್ಲ, ತಿಂಗಳಿಗೆರಡು ಸಲ ಯಾಕ ಕಟಿಂಗ್‌ಗೆ ಓಡಿಸ್ತೀನಿ ಅಂತ."

ಒಬ್ಬಳು ದನಿ ಅಂದಳು, ಇನ್ನೊಬ್ಬಳು ಮಡಚಿದ ಪ್ಯಾಂಟಿನ ಕೆಳಗಿನ ಕಾಲು ಅಂದಳು. ನಗು ಸೂರು ಮುಟ್ಟಿತು. ಶಶಿರೇಖಾಳ ಸರದಿ ಬಂದಾಗ ಅವಳು ರೊಟ್ಟಿ ಮುರಿಯುತ್ತಾ, "ನನಗೇನೂ ಕಾಣಿಸಂಗಿಲ್ಲವ್ವ. ನನಗ ಬರೀ ಸೈಜ್ ಕಾಣಿಸ್ತೈತಿ" ಅಂದಳು.

"ಹೌದೌದು" ಅಂದಳು ನಂದಿನಿ. "ಇಡೀ ಯೂನಿಟ್ಟಿನಾಗ ಎಲ್ಲಾರಿಗೂ ಅಣ್ಣಾ ಅಂತೀ. ಆ ಮೂವತ್ತೆರಡಕ್ಕ ಒಂದು ದಿನ ಅಣ್ಣ ಅಂದಿದ್ದು ನಾ ಕೇಳಿಲ್ಲ. ಆತನೂ ಅಷ್ಟ, ನಾವೆಲ್ಲಾ ನಿನಗ ಅಕ್ಕ ಅಂದ್ರ ಆತ ಮಾತ್ರ ಮಾಸ್ಟ್ರೇ ಅಂತಾನ. ನಮಗೇನು ತಿಳಿಯಂಗಿಲ್ಲೇನು? ಗಂಡಸರದ್ದು ಬಿಡು, ಇಷ್ಟ ಆದ್ರ ಸಾಕು, ಕನ್ನಡಿ ಮುಂದ ನಿಂತು ತಲಿ ಬಾಚ್ತಾರ, ದನಿ ದಪ್ಪ ಮಾಡ್ತಾರ, ಊರಿಗೆಲ್ಲ ಗೊತ್ತಾಗ್ತೈತಿ. ನಾವು ಇಷ್ಟ ಆದವ್ರನ್ನ ಬಿಟ್ಟು ಉಳಿದಿದ್ದೆಲ್ಲಾ ನೋಡ್ತೀವಿ."

ಶಶಿರೇಖಾ ರೊಟ್ಟಿ ಬಾಯಿಗಿಟ್ಟುಕೊಂಡು ತಪ್ಪಿಸಿಕೊಂಡಳು.

ನೋಡದೇ ಇರುವುದನ್ನು ಅವಳು ಕಲಿತದ್ದು ಮನೆಯಲ್ಲಿ. ಇಪ್ಪತ್ತೆರಡನೇ ವಯಸ್ಸಿನಿಂದ ಈಚೆಗೆ ಒಂಬತ್ತು ಗಂಡುಗಳು ಅವಳನ್ನು ನೋಡಲು ಬಂದಿದ್ದರು. ಒಂಬತ್ತು ಸಲವೂ ಅವಳು ಚಹಾದ ತಾಟು ಹಿಡಿದು, ತಲೆ ಬಗ್ಗಿಸಿ ಬಂದು, ತಲೆ ಬಗ್ಗಿಸಿಯೇ ಹೋಗಿದ್ದಳು. ಗಂಡುಗಳು ಅಡಿಯಿಂದ ಮುಡಿಯವರೆಗೆ ನೋಡಿ, ಬಣ್ಣ ಸ್ವಲ್ಪ ಕಡಿಮೆ ಎಂದೋ, ಎತ್ತರ ಸ್ವಲ್ಪ ಹೆಚ್ಚು ಎಂದೋ ಹೇಳಿ ಕಳಿಸಿದರು. ಅವಳು ಒಬ್ಬನ ಮುಖವನ್ನೂ ನೋಡಿರಲಿಲ್ಲ. ಬಗ್ಗಿಸಿದ ಕಣ್ಣಿಗೆ ಕಂಡದ್ದು ಒಂಬತ್ತು ಪ್ಯಾಂಟುಗಳು ಮಾತ್ರ. ಅವುಗಳಲ್ಲಿ ಏಳರ ಹೊಲಿಗೆ ಕೆಟ್ಟದಾಗಿತ್ತು ಎಂಬುದು ಅವಳಿಗೆ ಇವತ್ತಿಗೂ ನೆನಪಿದೆ. ಗಂಡಸನ್ನು ಕಣ್ತುಂಬ ನೋಡುವುದು ತನ್ನ ಕೆಲಸವಲ್ಲ ಎಂದು ಅವಳ ಕಣ್ಣಿಗೆ ಹೀಗೆ ರೂಢಿಯಾಗಿಬಿಟ್ಟಿತ್ತು. ದಾರಿಯಲ್ಲಿ ಹೋಗುವವರನ್ನು ನೋಡಬಹುದು, ಅವರೆಲ್ಲ ಬರೀ ಸೈಜು. ಇಷ್ಟವಾದವನನ್ನು ನೋಡಲು ಮಾತ್ರ ಕಣ್ಣು ಏಳುತ್ತಿರಲಿಲ್ಲ.

ಅವಳ ಸ್ವಂತ ಮೊದಲ ಮಾಡೆಲ್ ತಯಾರಾದದ್ದು ಯುಗಾದಿ ಮುಗಿದ ಮೇಲೆ. ಅಲ್ಲಿಯವರೆಗೆ ಹಳೇ ಮಾಸ್ಟರ ನಮೂನೆಗಳೇ ಓಡುತ್ತಿದ್ದವು. ಮಾರೇಶ ಹೊಸ ಪ್ಯಾಂಟು ತೊಟ್ಟು ಬಂದು ಕಟಿಂಗ್ ಟೇಬಲ್ಲಿನ ಮುಂದೆ ನಿಂತ. ಶಶಿರೇಖಾ ಹಿಂದೆ ಹೋಗಿ ನಿಂತಳು. ಗೋಡೆಯ ಮೇಲೆ ಗೊಬ್ಬರದಂಗಡಿಯ ಕ್ಯಾಲೆಂಡರು ಇತ್ತು. ಅವಳು ಅದನ್ನೇ ನೋಡುತ್ತಾ ಬೆರಳು ಇಳಿಸಿದಳು. ಅವನ ಬೆನ್ನಿನ ಬಿಸಿ ಬೆರಳಿಗೆ ತಾಗಿತು. ಹುಣ್ಣಿಮೆ ಯಾವಾಗ, ಅಮಾವಾಸ್ಯೆ ಯಾವಾಗ, ಎಲ್ಲವನ್ನೂ ಓದಿದಳು.

ನಾಲ್ಕು ಬೆರಳು ಸಲೀಸಾಗಿ ಹೋದವು.

"ಸಡ್ಲ ಆಗೇತಿ" ಎಂದಳು ಕ್ಯಾಲೆಂಡರಿಗೆ.

ಮಾರೇಶ "ಹ್ಞೂಂ ಮಾಸ್ಟ್ರೇ" ಅಂದ. ದನಿ ಯಾಕೋ ಬಾವಿಯ ಒಳಗಿಂದ ಬಂದ ಹಾಗಿತ್ತು.

ಅವಳು ಎರಡು ಇಂಚು ಕಡಿಮೆ ಮಾಡಿದಳು. ಮರುದಿನ ಮತ್ತೆ ತೊಡಿಸಿದಳು, ಮತ್ತೆ ಕ್ಯಾಲೆಂಡರು ನೋಡಿದಳು. ಈ ಸಲ ಸರಿಯಾಗಿ ಎರಡೇ ಬೆರಳು ಹಿಡಿಸಿದವು. ನಮೂನೆ ಪಾಸಾಯಿತು, ನಾನೂರು ಪ್ಯಾಂಟು ಹೊಲಿದು ಸಿರುಗುಪ್ಪದ ಪಾರಮ್ಮನ ಅಂಗಡಿಗೆ ಹೋದವು. ಎರ್ರಣ್ಣ ಎಲ್ಲರಿಗೂ ಮಿರ್ಚಿ ಬಜ್ಜಿ ತರಿಸಿದ.

ಹತ್ತು ದಿನಕ್ಕೆ ಪಾರಮ್ಮನ ಫೋನು ಬಂತು. ಗಂಡ ಸತ್ತ ಮೇಲೆ ಬಸ್ ಸ್ಟ್ಯಾಂಡಿನ ಎದುರಿನ ಬಟ್ಟೆ ಅಂಗಡಿಯನ್ನು ಒಬ್ಬಳೇ ನಡೆಸುವ ಗಟ್ಟಿ ಹೆಂಗಸು ಆಕೆ. ಎರ್ರಣ್ಣ ಸ್ಪೀಕರು ಹಾಕಬಾರದಿತ್ತು, ಹಾಕಿಬಿಟ್ಟ.

"ಏನು ಹೊಲದು ಕಳ್ಸೀರಿ ನೀವು? ಹಚ್ಚೊಳ್ಳಿ ಊರಿನ ಹುಡುಗ ನಿಮ್ಮ ಪ್ಯಾಂಟ್ ಹಾಕ್ಕೊಂಡು ಟ್ರ್ಯಾಕ್ಟರ್ ಮುಂದ ನಿಂತಾನ. ನಿಂತಾನ ಅಂದ್ರ ನಿಂತಾ ಅದಾನ, ಕಾಲೆತ್ತಿ ಹತ್ತಾಕ ಬರವಲ್ದು ಅವಗ! ಮೂವತ್ತೆರಡು ಅಂತ ಚೀಟಿ ಐತಿ, ಮೂವತ್ತೆರಡರ ಮನಿಷ್ಯಾಗ ಗುಂಡಿ ಹಾಕಾಕ ಬರಂಗಿಲ್ಲ. ಎಲ್ಲಾ ಸೈಜೂ ಹಿಂಗಾ!"

ಫೋನಿಟ್ಟ ಎರ್ರಣ್ಣ ಯೂನಿಟ್ಟಿನ ಸುತ್ತ ಕಣ್ಣಾಡಿಸಿದ. ಕಣ್ಣು ಹೋಗಿ ಅಯ್ಯಣ್ಣನ ಮೇಲೆ ನಿಂತಿತು. ಅಯ್ಯಣ್ಣ ಸೊಂಟಪಟ್ಟಿ ಹೊಲಿಯುವ ಮಷಿನ್ನಿನವನು, ಐವತ್ತೆಂಟು ವರ್ಷ, ದಪ್ಪ ಗಾಜಿನ ಕನ್ನಡಕ.

"ಪಟ್ಟಿ ಎಳದು ಎಳದು ಹೊಲದೀಯಪ್ಪ ನೀನು. ಕಣ್ಣು ಹೋಗ್ಯಾವ ನಿನಗ. ನಾಳಿ ಒಂದಿನ ನೋಡಿ, ನಾಡಿದ್ದರಿಂದ ಆ ಮಷಿನ್ ಬ್ಯಾರೇವ್ರಿಗೆ ಕೊಡ್ತೀನಿ."

ಅಯ್ಯಣ್ಣ ಜಗಳ ಮಾಡಿದ್ದರೆ ಚೆನ್ನಾಗಿತ್ತು. ಅವನು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, "ಇರಬೌದ್ರಿ" ಅಂದುಬಿಟ್ಟ. ಮೂವತ್ತು ವರ್ಷದ ಕೆಲಸಗಾರ ತನ್ನ ಕಣ್ಣನ್ನು ತಾನೇ ಅನುಮಾನಿಸಿದ್ದು ನೋಡಿ ಶಶಿರೇಖಾ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು.

"ಏಮ್ಮಾ ಶಶೀ, ನಿನ್ನ ಮಾಡೆಲ್ ಮ್ಯಾಲೆ ನನಗ ಅನುಮಾನ ಇಲ್ಲ" ಎಂದ ಎರ್ರಣ್ಣ. "ನಾಳಿ ಮೂವತ್ತೆರಡನ್ನ ಕರ್ಕೊಂಡು ಸಿರುಗುಪ್ಪಕ್ಕ ಹೋಗು. ಪಾರಮ್ಮನ ಕಣ್ಣೆದುರಿಗೇ ತೊಡಿಸಿ ತೋರ್ಸು, ಮಾಡೆಲ್ ಸರಿ ಐತಿ, ಪಟ್ಟಿ ಅಷ್ಟಾ ತಪ್ಪಿದ್ದು ಅಂತ."

ಸಂಜೆ ಎಲ್ಲರೂ ಹೋದ ಮೇಲೆ ಶಶಿರೇಖಾ ಗಂಟಿನಲ್ಲಿ ಉಳಿದಿದ್ದ ಆರು ಪ್ಯಾಂಟುಗಳ ಪಟ್ಟಿಯನ್ನು ರಟ್ಟಿನ ನಮೂನೆಯ ಮೇಲಿಟ್ಟು ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಯ್ಯಣ್ಣ ತಪ್ಪಿಲ್ಲ. ತಪ್ಪಿದ್ದರೆ ನಮೂನೆಯೇ ತಪ್ಪಿರಬೇಕು, ನಮೂನೆ ಎಂದರೆ ಅವಳೇ. ಆದರೆ ಎರಡು ಬೆರಳು ಹಿಡಿಸಿದ್ದು ನಿಜವಲ್ಲವೇ? ಬೆರಳು ಸುಳ್ಳು ಹೇಳುತ್ತವೆಯೇ? ಮನೆಗೆ ಹೋದರೂ ಅನ್ನ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಸಿರುಗುಪ್ಪದ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಅವಳು ಕಿಟಕಿಯ ಪಕ್ಕ, ಅವನು ಈಚೆ, ನಡುವೆ ಪ್ಯಾಂಟಿನ ಚೀಲ. ಮಾರೇಶ ಇಸ್ತ್ರಿ ಹಾಕಿದ ನೀಲಿ ಅಂಗಿ ತೊಟ್ಟಿದ್ದ, ತಲೆಗೆ ಎಣ್ಣೆ ಸ್ವಲ್ಪ ಜಾಸ್ತಿಯೇ ಬಿದ್ದಿತ್ತು. ಪಾಸ್‌ಪೋರ್ಟ್ ಫೋಟೋಕ್ಕೆ ಕೂತವನ ಹಾಗೆ ಎದೆ ಸೆಟೆಸಿ ಕೂತ.

"ಶೇಂಗಾ ತಿಂತೀರೇನ್ರಿ ಮಾಸ್ಟ್ರೇ?"

"ಬ್ಯಾಡ್ರಿ."

"ಬಿಸಿ ಅದಾವ್ರಿ."

"ಕೊಡ್ರಿ ಹಂಗಾರ."

ಕಿಟಕಿಯಾಚೆ ಭತ್ತದ ಗದ್ದೆ, ಕಾಲುವೆ, ಮತ್ತೆ ಗದ್ದೆ. ಬಸ್ಸು ಕುಲುಕಿದಾಗ ತೋಳಿಗೆ ತೋಳು ತಾಗುತ್ತಿತ್ತು, ಇಬ್ಬರೂ ಚೀಲವನ್ನು ಸರಿಪಡಿಸುವ ನೆಪದಲ್ಲಿ ಸರಿಯುತ್ತಿದ್ದರು. ಹೀಗೆ ಆ ಚೀಲ ಎಷ್ಟು ಸಲ ಸರಿಯಾಯಿತೋ.

ತೆಕ್ಕಲಕೋಟೆ ದಾಟಿದ್ದೇ ತಡ, ಮಾರೇಶನಿಗೆ ಜೋಂಪು ಹತ್ತಿತು. ನಸುಕಿನಲ್ಲಿ ಕುರುಗೋಡು ಬಿಟ್ಟು ಬಂದವನು, ಪಾಪ. ತಲೆ ಹಿಂದಕ್ಕೆ ವಾಲಿತು, ಬಾಯಿ ಸ್ವಲ್ಪ ತೆರೆಯಿತು, ಬೆಳಿಗ್ಗೆಯಿಂದ ಸೆಟೆದಿದ್ದ ಮೈಯೆಲ್ಲ ಸಡಿಲಾಯಿತು. ನೀಲಿ ಅಂಗಿಯ ಕೆಳಗೆ ಒಂದು ಪುಟ್ಟ ಹೊಟ್ಟೆ ಮೆಲ್ಲಗೆ ಹೊರಗೆ ಬಂದು, ಬೆಲ್ಟಿನ ಮೇಲೆ ಕೂತಿತು.

ಶಶಿರೇಖಾ ನೋಡಿದಳು. ನಿದ್ದೆಯಲ್ಲಿರುವವನನ್ನು ನೋಡಿದರೆ ಯಾರು ಏನನ್ನುತ್ತಾರೆ? ಮೊದಲು ಕೈ ನೋಡಿದಳು, ಬೆರಳ ಬದಿಯ ಇಸ್ತ್ರಿ ಪೆಟ್ಟಿಗೆಯ ಸುಟ್ಟ ಕಲೆ ನೋಡಿದಳು. ಆಮೇಲೆ ಕತ್ತು, ಗದ್ದದ ಕೆಳಗೆ ಕ್ಷೌರದಲ್ಲಿ ತಪ್ಪಿಹೋದ ನಾಲ್ಕು ಕೂದಲು, ರೆಪ್ಪೆ, ಕಿವಿಯ ತುದಿ. ಇಷ್ಟು ದಿನ ಜೊತೆಗೆ ಕೆಲಸ ಮಾಡಿದವನ ಮುಖವನ್ನು ಅವಳು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಎಷ್ಟು ಚೆನ್ನಾಗಿದ್ದಾನೆ ಇವನು! ಎದೆಯಲ್ಲಿ ಏನೋ ಬಿಸಿಯಾಗಿ ಹರಡಿತು, ಅವಳಿಗೆ ನಗು ಬಂತು, ನಾಚಿಕೆಯೂ ಆಯಿತು, ಆದರೂ ಕಣ್ಣು ಕೀಳಲಿಲ್ಲ.

ನೋಡುತ್ತಾ ನೋಡುತ್ತಾ ಆ ಕಣ್ಣು ತನ್ನ ಕೆಲಸವನ್ನೂ ಮಾಡಿಬಿಟ್ಟಿತು. ಆ ಹೊಟ್ಟೆಯ ಮೇಲೆ ಹೋಗಿ ನಿಂತು, ಒಂದು ಕ್ಷಣ ತೂಗಿ, ಅವಳಿಗೆ ಲೆಕ್ಕ ಒಪ್ಪಿಸಿತು. ಮೂವತ್ತೆರಡಲ್ಲ, ಮೂವತ್ತಮೂರು.

ಮೂವತ್ತಮೂರರ ಮನುಷ್ಯನಿಗೆ ಅವಳ ಬಿಗಿ ಪ್ಯಾಂಟು ಎರಡು ಬೆರಳು ಬಿಟ್ಟು ಹೇಗೆ ಹಿಡಿಸಿತು? ಯೋಚಿಸಿದಂತೆಲ್ಲ ಬಾವಿಯ ಒಳಗಿಂದ ಬಂದಂಥ ಆ ದನಿ ನೆನಪಾಯಿತು. ಉಸಿರು ಹಿಡಿದವನ ದನಿ ಅದು! ಅಳತೆ ನೋಡಿದ ಎರಡೂ ದಿನ ಅವನು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು ನಿಂತಿದ್ದ, ಅವಳು ಹುಣ್ಣಿಮೆ ಅಮಾವಾಸ್ಯೆ ಓದುತ್ತಾ ನಿಂತಿದ್ದಳು. ಒಂದು ಸಲ ತಿರುಗಿ ನೋಡಿದ್ದರೆ ಸಾಕಿತ್ತು. ಇಬ್ಬರ ಕಳ್ಳಾಟಕ್ಕೆ ಅಯ್ಯಣ್ಣ ಕನ್ನಡಕ ಒರೆಸಿಕೊಳ್ಳುತ್ತಿದ್ದಾನೆ ಎಂದು ನೆನೆದಾಗ ಬಿಸಿಯೆಲ್ಲ ಇಳಿದುಹೋಯಿತು.

ಪಾರಮ್ಮನ ಅಂಗಡಿಯಲ್ಲಿ ಮಾರೇಶ ಪರದೆಯ ಹಿಂದೆ ಹೋಗಿ ಪ್ಯಾಂಟು ತೊಟ್ಟು ಬಂದ. ಗುಂಡಿ ಹೇಗೋ ಹಾಕಿಕೊಂಡಿದ್ದ. ಮುಖ ಸ್ವಲ್ಪ ಕೆಂಪಾಗಿತ್ತು.

"ನೋಡ್ರಿ ಅಮ್ಮಾ, ಸರಿ ಐತಿ" ಎಂದ, ಅದೇ ಬಾವಿಯ ದನಿಯಲ್ಲಿ.

ಪಾರಮ್ಮ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ಅವನ ಸುತ್ತ ಒಂದು ಸುತ್ತು ಹಾಕಿದಳು. ಆಮೇಲೆ ಶಶಿರೇಖಾಳ ಭುಜ ಹಿಡಿದು, "ನೀ ಸ್ವಲ್ಪ ಹೊರಗ ಹೋಗಿ ನಿಂದ್ರವ್ವ, ಆ ಬಾಗಿಲ ಮರಿಗೆ" ಅಂದಳು.

ಶಶಿರೇಖಾ ಹೊರಗೆ ಹೋದಳು. ಒಳಗೆ ಫಟ್ ಎಂದು ಸದ್ದಾಯಿತು. ಓಡಿ ಬಂದು ನೋಡಿದರೆ ಪ್ಯಾಂಟಿನ ಗುಂಡಿ ಹಾರಿ ಹೋಗಿ ಎದುರಿನ ಕನ್ನಡಿಗೆ ಬಡಿದು ನೆಲದ ಮೇಲೆ ಉರುಳುತ್ತಿತ್ತು. ಮಾರೇಶ ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ನಿಂತಿದ್ದ. ಅವಳನ್ನು ಕಂಡಿದ್ದೇ ಹೊಟ್ಟೆ ಮತ್ತೆ ಒಳಗೆ ಹೋಯಿತು.

ಪಾರಮ್ಮ ಗಲ್ಲಾಪೆಟ್ಟಿಗೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. "ಆಕಿ ಬಂದ್ರ ಹೊಟ್ಟಿ ಒಳಗ, ನಾ ಬಂದ್ರ ಹೊರಗ! ಏನಪ್ಪಾ, ನಾನೂ ಹೆಣಮಗಳಾ ಅದೀನಿ, ನನಗೊಂಚೂರೂ ಮರ್ಯಾದಿ ಇಲ್ಲೇನು?"

"ಹಂಗಲ್ರಿ ಅಮ್ಮಾ…" ಎಂದು ಮಾರೇಶ ತಡವರಿಸಿದ. "ಸೊಂಟ ಬೆಳದೈತಿ ಅಂತ ಗೊತ್ತಾದ್ರ ಅಳತಿಗೆ ಬ್ಯಾರೇ ಹುಡುಗನ್ನ ನಿಲ್ಲಿಸ್ತಾರ್ರಿ. ಆಮ್ಯಾಲೆ ಮಾಸ್ಟ್ರು ನನ್ನ ಹತ್ತಿರ ಯಾಕ ಬರ್ತಾರ್ರಿ?"

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ಗೊತ್ತಾಯಿತು. ಪ್ಯಾಂಟು ಹಿಡಿದುಕೊಂಡೇ ಪರದೆಯ ಹಿಂದೆ ಓಡಿದ.

ಪಾರಮ್ಮ ಈ ಕಡೆ ತಿರುಗಿದಳು. "ಅವಂದು ತಿಳೀತು. ಗಂಡಸು, ಹೊಟ್ಟಿ ಒಳಗ ಎಳಕೊಂಡ. ನೀನು ಮಾಸ್ಟರ್ ಅದೀ, ನಿನ್ನ ಕಣ್ಣು ಎಲ್ಲಿದ್ವು?"

"ಗೋಡಿ ಮ್ಯಾಲೆ" ಅಂದಳು ಶಶಿರೇಖಾ.

ಪಾರಮ್ಮ ಚಹಾ ತರಿಸಿದಳು. "ಪ್ಯಾಂಟು ಚಲೋ ಅದಾವ, ಬಟ್ಟಿ ಚಲೋ ಐತಿ. ಚೀಟಿ ಅಷ್ಟಾ ಸುಳ್ಳು. ಒಂದೊಂದು ಸೈಜ್ ಕಡಿಮಿ ಮಾಡಿ ಬ್ಯಾರೇ ಚೀಟಿ ಹೊಲದು ಕೊಟ್ರ ನಾ ಮಾರ್ತೀನಿ" ಅಂದಳು. ಹೊರಡುವಾಗ ನೆಲದ ಮೇಲಿನ ಗುಂಡಿಯನ್ನು ಎತ್ತಿ ಶಶಿರೇಖಾಳ ಕೈಯಲ್ಲಿಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಮಾರೇಶ ಕೂರಲೇ ಇಲ್ಲ, ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತ. ಬಳ್ಳಾರಿ ಹತ್ತಿರವಾದಾಗ ಬಗ್ಗಿ ಮೆಲ್ಲಗೆ, "ನನಗ ಹೊಟ್ಟಿನೋವು ಇತ್ತು, ಅದಕ್ಕ ಬಿಗಿ ಹಿಡಿದು ನಿಂತಿದ್ದೆ ಅಂತ ನಾನಾ ಹೇಳ್ತೀನ್ರಿ. ನಿಮ್ಮ ಹೆಸರು ಬ್ಯಾಡ" ಅಂದ.

ಒಳ್ಳೆಯ ಉಪಾಯವೇ. ಅಯ್ಯಣ್ಣ ಉಳಿಯುತ್ತಿದ್ದ, ಅವಳ ಹೆಸರೂ ಉಳಿಯುತ್ತಿತ್ತು. ಆದರೆ ಎಂಟು ತಿಂಗಳಿಂದ ಚಹಾದಂಗಡಿಯ ಬೆಂಚಿನ ಮೇಲೆ ಕಾಯುತ್ತಿರುವವರಿಗೆ ಹೆದರಿ ಅವನ ಮೇಲೆ ತಪ್ಪು ಹೊರಿಸುವುದೇ? ಕಣ್ಣಿಗೆ ಕಂಡದ್ದನ್ನು ಕಂಡಿಲ್ಲವೆಂದು ನಟಿಸಿದ್ದು ಸಾಕಾಗಿತ್ತು ಅವಳಿಗೆ.

ಯೂನಿಟ್ಟಿನಲ್ಲಿ ಹದಿನಾಲ್ಕು ಮಷಿನ್ನುಗಳೂ ಓಡುತ್ತಿದ್ದವು. ಶಶಿರೇಖಾ ನೇರ ನಡುವೆ ಬಂದು ನಿಂತಳು.

"ಅಯ್ಯಣ್ಣಂದು ತಪ್ಪಿಲ್ಲ. ಅವನ ಕಣ್ಣು ನನ್ನ ಕಣ್ಣಿಗಿಂತ ಚಲೋ ಅದಾವ. ನಮೂನಿ ತಪ್ಪೈತಿ, ನಮೂನಿ ನಂದು."

ಎರ್ರಣ್ಣ ಕುರ್ಚಿಯಿಂದ ಎದ್ದ. "ನಿನ್ನ ಕಣ್ಣು ಹೆಂಗ ತಪ್ತಮ್ಮಾ? ಬಸ್ಸಿನಾಗ ಹೋಗೋರ ಸೈಜ್ ಹೇಳೋ ಕಣ್ಣು ಅದು!"

"ನೋಡಿದ್ರ ತಪ್ಪಂಗಿಲ್ಲ. ನೋಡ್ಲಿಲ್ಲ ನಾನು. ಅಳತಿ ತಗೋವಾಗ ಅವನ್ನ ನೋಡ್ಲೇ ಇಲ್ಲ, ಕ್ಯಾಲೆಂಡರ್ ನೋಡ್ತಿದ್ನಿ."

"ಯಾಕ?"

ಮಷಿನ್ನುಗಳು ಒಂದೊಂದಾಗಿ ನಿಂತವು. ನಂದಿನಿ ದಾರ ಕಡಿಯುವುದನ್ನು ಮರೆತು ಬಾಯಲ್ಲೇ ಇಟ್ಟುಕೊಂಡಿದ್ದಳು.

"ಯಾಕಂದ್ರ ನೋಡಿದ್ರ ಕಣ್ಣು ಕೀಳಾಕ ಆಗಂಗಿಲ್ಲ ನನಗ. ಚಂದ ಅದಾನ."

ಇಸ್ತ್ರಿ ಮೇಜಿನ ಕಡೆಯಿಂದ ಸುಟ್ಟ ವಾಸನೆ ಬಂತು. ಮಾರೇಶ ಬಂದವನೇ ಕೈಗೆ ಸಿಕ್ಕ ಪ್ಯಾಂಟಿನ ಮೇಲೆ ಪೆಟ್ಟಿಗೆ ಇಟ್ಟು ಮರೆತುಬಿಟ್ಟಿದ್ದ.

"ಅಯ್ಯೋ ದೇವುಡಾ!" ಎಂದು ಎರ್ರಣ್ಣ ತಲೆ ಮೇಲೆ ಕೈಯಿಟ್ಟುಕೊಂಡು ಕೂತ. ಸ್ವಲ್ಪ ಹೊತ್ತು ಬೈದ, ಇಬ್ಬರನ್ನೂ ಬೈದ. ಬೈಯುತ್ತಾ ಬೈಯುತ್ತಾ ಅವನಿಗೇ ನಗು ಬಂದು ಬೈಗುಳ ಕೆಟ್ಟುಹೋಯಿತು. ಅಯ್ಯಣ್ಣ ಕನ್ನಡಕ ಏರಿಸಿಕೊಂಡು, ಚೀಟಿಗಳ ಹೊಸ ಕಟ್ಟನ್ನು ಹತ್ತಿರ ಎಳೆದುಕೊಂಡು, ಯಾರೂ ಹೇಳುವ ಮುಂಚೆಯೇ ಮಷಿನ್ನು ತುಳಿಯತೊಡಗಿದ.

ಸಂಜೆಯೊಳಗೆ ಸುದ್ದಿ ಸಂದಿಯೆಲ್ಲ ಹಬ್ಬಿತು. ಚಹಾದಂಗಡಿಯ ಮಾಸ್ಟರುಗಳು ಬೆಂಚು ತಟ್ಟಿ ನಕ್ಕರು. ಶಶಿರೇಖಾ ಅವರ ಮುಂದೆಯೇ ಹಾದುಹೋದಳು, ಮೊದಲನೆಯವನು ಮೂವತ್ತಾರು, ಎರಡನೆಯವನು ನಲವತ್ತು, ಮೂರನೆಯವನು ಇವಳನ್ನು ಕಂಡು ಹೊಟ್ಟೆ ಒಳಗೆಳೆದುಕೊಂಡ.

ಅಳತೆಗೆ ನಿಲ್ಲಲು ಎರ್ರಣ್ಣ ಸಮ್ರಾಟ್ ಎಂಬ ಹೊಸ ಕೆಲಸಗಾರನನ್ನು ಗೊತ್ತುಮಾಡಿದ. ಮೂವತ್ತೆರಡು ಎಂಬ ಹೆಸರು ಕೈಬಿಟ್ಟುಹೋದ ಮಾರೇಶ ನಾಲ್ಕು ದಿನ ಇಸ್ತ್ರಿ ಮೇಜಿನಿಂದ ತಲೆ ಎತ್ತಲಿಲ್ಲ. ಶಶಿರೇಖಾಳ ಕಡೆ ಒಂದು ಮಾತೂ ಇಲ್ಲ, ಮಾಸ್ಟ್ರೇ ಎಂಬ ದನಿಯೂ ಇಲ್ಲ. ಎಂಥ ಗಂಡಸು ಇವನು! ಮುಖ ಕೆಂಪಾಗುವವರೆಗೆ ಹೊಟ್ಟೆ ಎಳೆದುಕೊಂಡು ನಿಲ್ಲಲು ಬರುತ್ತದೆ, ಹೆಣ್ಣೊಬ್ಬಳು ಎಲ್ಲರೆದುರು ಚಂದ ಇದ್ದೀ ಎಂದರೆ ಒಂದು ಮಾತು ಆಡಲು ಬರುವುದಿಲ್ಲ. ಅವಳು ಎಲ್ಲರೆದುರು ಬಾಯಿ ಬಿಟ್ಟು ಕೆಟ್ಟೆನೇನೋ ಎಂದು ಒಳಗೊಳಗೇ ಕುದಿದಳು.

ಐದನೇ ದಿನ ನಂದಿನಿಯನ್ನು ಕರೆದಳು. "ಭಾನುವಾರ ಕುರುಗೋಡಿಗೆ ಬರ್ತೀ ಏನು ನನ್ನ ಜೋಡಿ?"

"ಯಾಕ?"

"ಗಂಡು ನೋಡಾಕ."

ನಂದಿನಿ ಹುಬ್ಬೇರಿಸಿದಳು, ಆಮೇಲೆ ಭಾನುವಾರ ತನ್ನ ರೇಷ್ಮೆ ಸೀರೆಯನ್ನೇ ಉಟ್ಟು ಬಂದಳು.

ಮಾರೇಶನ ತಾಯಿ ಯಂಕಮ್ಮ ಬಾಗಿಲು ತೆಗೆದು, ಇಬ್ಬರು ಹೆಂಗಸರನ್ನು ನೋಡಿ ತಬ್ಬಿಬ್ಬಾದಳು. ನಂದಿನಿ ಹಿರಿಯರ ಗತ್ತಿನಲ್ಲಿ ಒಳಗೆ ಬಂದು ಚಾಪೆಯ ಮೇಲೆ ಕೂತು, "ಹುಡುಗನ್ನ ಕರೀರಿ ಅಮ್ಮಾ. ಚಹಾ ಹುಡುಗನಾ ತರಲಿ" ಅಂದಳು. ಮುದುಕಿ ಒಮ್ಮೆ ಇವಳನ್ನು, ಒಮ್ಮೆ ಶಶಿರೇಖಾಳನ್ನು ನೋಡಿ, ಏನೋ ತಿಳಿದ ಹಾಗೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಮಾರೇಶ ಬಂದ. ಕೈಯಲ್ಲಿ ತಾಟು, ತಾಟಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಎರಡು ಲೋಟ ಚಹಾ. ತಲೆ ನೆಲ ನೋಡುತ್ತಿತ್ತು. ಲೋಟಗಳು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತಿದ್ದವು. ತಾಟು ಹಿಡಿದು ಬರುವವರ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ಶಶಿರೇಖಾಗೆ ಒಂಬತ್ತು ಸಲ ಗೊತ್ತಿತ್ತು. ಅವಳು ಎದ್ದು ಹೋಗಿ ತಾಟನ್ನು ತಾನೇ ಇಸಿದುಕೊಂಡಳು.

"ಹುಡುಗಗ ಅಡಿಗಿ ಬರ್ತೈತೇನ್ರಿ?" ಎಂದು ನಂದಿನಿ ಶುರುಮಾಡಿದಳು.

"ನೀ ಸುಮ್ನ ತಿನ್ನು" ಎಂದು ಶಶಿರೇಖಾ ಚೀಲದಿಂದ ಒಂದು ಪ್ಯಾಂಟು ತೆಗೆದು ಅವನ ಕೈಗೆ ಕೊಟ್ಟಳು. "ಹಾಕ್ಕೊಂಡು ಬರ್ರಿ."

ಅವನು ಒಳಗೆ ಹೋಗಿ ತೊಟ್ಟು ಬಂದ. ಸೊಂಟಪಟ್ಟಿಯ ಮೇಲೆ ಸಿರುಗುಪ್ಪದ ಕನ್ನಡಿಗೆ ಬಡಿದಿದ್ದ ಆ ಗುಂಡಿಯೇ ಇತ್ತು. ಎದೆ ಸೆಟೆದಿತ್ತು, ಹೊಟ್ಟೆ ಬೆನ್ನಿಗೆ ಅಂಟಿತ್ತು, ಮುಖ ಕೆಂಪಾಗಿತ್ತು. ಶಶಿರೇಖಾ ಬೆನ್ನ ಹಿಂದೆ ಹೋಗಲಿಲ್ಲ. ಎದುರಿಗೇ ನಿಂತು, ಅವನ ಮುಖವನ್ನು ನೆಟ್ಟಗೆ ನೋಡಿದಳು.

"ಉಸಿರು ಬಿಡು."

"ಬ್ಯಾಡ್ರಿ ಮಾಸ್ಟ್ರೇ, ಗುಂಡಿ ಹಾರ್ತೈತಿ."

"ಹಾರಂಗಿಲ್ಲ. ಬಿಡು."

ಅವನು ಹೆದರುತ್ತಲೇ ಸ್ವಲ್ಪ ಬಿಟ್ಟ. ಇನ್ನೂ ಸ್ವಲ್ಪ ಬಿಟ್ಟ. ಗುಂಡಿ ಹಾರಲಿಲ್ಲ. ಅವಳು ಕಣ್ಣು ಕೀಳದೆಯೇ ಕೈ ಬಳಸಿ ಹಿಂದಿನ ಪಟ್ಟಿಯೊಳಗೆ ಬೆರಳು ಇಳಿಸಿದಳು. ಸರಿಯಾಗಿ ಎರಡು ಹಿಡಿಸಿದವು.

ಮಾರೇಶ ಕೆಳಗೆ ಬಗ್ಗಿ ತನ್ನನ್ನು ತಾನೇ ನೋಡಿಕೊಂಡ. "ಇದು ಮೂವತ್ತನಾಲ್ಕಾ?"

"ಮೂವತ್ತಮೂರು. ಯಾವ ಅಂಗಡಿಯಾಗೂ ಸಿಗಂಗಿಲ್ಲ ಈ ಸೈಜು."

"ನನ್ನ ಅಳತಿ ಯಾವಾಗ ತಗೊಂಡ್ರಿ?"

"ಬಸ್ಸಿನಾಗ. ತೆಕ್ಕಲಕೋಟಿಯಿಂದ ಸಿರುಗುಪ್ಪದ ತನಕ. ನಿನಗ ನಿದ್ದಿ ಹತ್ತಿತ್ತು."

ಅವನು ಮೊದಲ ಸಲ ತಲೆ ಎತ್ತಿ ಅವಳ ಕಣ್ಣನ್ನೇ ನೋಡಿದ. "ಅಷ್ಟೊತ್ತು ನೋಡಿದ್ರಾ ನನ್ನ? ಈ ಹೊಟ್ಟಿ ಸಮೇತ?"

"ಅಷ್ಟೊತ್ತೂ ನೋಡಿದೆ. ಹೊಟ್ಟಿ ಬಂದಮ್ಯಾಲೆ ಇನ್ನೊಂಚೂರು ಜಾಸ್ತಿ ನೋಡಿದೆ."

ಮಾರೇಶ ಅಳಿದುಳಿದ ಉಸಿರನ್ನೂ ಪೂರ್ತಿ ಬಿಟ್ಟ. ಪುಟ್ಟ ಹೊಟ್ಟೆ ನೆಮ್ಮದಿಯಾಗಿ ಬಂದು ಪಟ್ಟಿಯ ಮೇಲೆ ಕೂತಿತು. ಅವಳು ಬೆರಳು ತೆಗೆಯಲಿಲ್ಲ, ಅವನೂ ತೆಗೆಯೆನ್ನಲಿಲ್ಲ.